ಐದಕ್ಷರದ ಕಾರು ಮತ್ತು ಟೈಲರ್ ಮಾಸ್ತರ ಎಡಗಾಲು

ಟೈಲರ್ ಮಾಸ್ತರ ಎಡಗಾಲಿಗೆ ಕೆಲಸ ತಪ್ಪಿದ್ದೇ ಈ ಫಜೀತಿಗೆಲ್ಲ ಮೂಲ. ಹೊಲಿಗೆ ಯಂತ್ರದ ಮುಂದೆ ಕೂತ ಮೇಲೆ ಮನುಷ್ಯನ ಎರಡು ಕಾಲೂ ದುಡಿಯಬೇಕು, ಒಂದು ದುಡಿದು ಇನ್ನೊಂದು ಕೂತು ನೋಡುವುದು ಸೋಮಾರಿಗಳ ಲಕ್ಷಣ ಎಂಬುದು ಅವರ ಖಚಿತ ಅಭಿಪ್ರಾಯ. ಹಿಂದೆ ಬಟ್ಟೆ ಮಳಿಗೆಯೊಂದರ ವ್ಯಾನು ಓಡಿಸುತ್ತಿದ್ದಾಗಲೂ ಎಡಗಾಲಿಗೆ ಕ್ಲಚ್ಚು ಅಂತ ಒಂದು ಮರ್ಯಾದೆಯ ಉದ್ಯೋಗವಿತ್ತು. ಈಗ ಅಳಿಯ ಬಿಟ್ಟುಹೋದ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಇರುವುದು ಎರಡೇ ಪೆಡಲ್ಲು, ಎರಡೂ ಬಲಗಾಲಿನ ಪಾಲು. ಎಡಗಾಲನ್ನು ಏನು ಮಾಡಲಿ ಅಂತ ಕೇಳಿದ್ದಕ್ಕೆ ಅಳಿಯ ನಕ್ಕು, "ಅದಕ್ಕೆ ರಜಾ ಕೊಟ್ಬಿಡಿ ಮಾವ" ಎಂದಿದ್ದ.

ಅಳಿಯನಿಗೆ ಹಡಗಿನಲ್ಲಿ ಕೆಲಸ. ಹೆಂಡತಿಗೆ ದಿನ ತುಂಬುವ ಹೊತ್ತಿಗೇ ಅವನಿಗೆ ಕರೆ ಬಂತು, ಹೋಗಲೇಬೇಕಾಯಿತು. ತುಂಬು ಬಸುರಿಯನ್ನೂ ಹೊಸ ಕಾರನ್ನೂ ಒಟ್ಟಿಗೇ ತಂದು ಮಾವನ ಮನೆ ಮುಂದೆ ಇಳಿಸಿ, "ಹೊತ್ತು ಬಂದಾಗ ನೀವೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮಾವ. ಇದು ಆಟೋಮ್ಯಾಟಿಕ್. ಎಲ್ಲಾ ತಾನೇ ನೋಡ್ಕೊಳ್ಳುತ್ತೆ" ಅಂದ.

"ಎಲ್ಲಾ ಅದೇ ನೋಡ್ಕೊಳ್ಳೋದಾದ್ರೆ ನಾನ್ಯಾಕೆ?" ಅಂತ ಮಾಸ್ತರಿಗೆ ನಾಲಿಗೆ ತುದಿಯವರೆಗೂ ಬಂದಿತ್ತು. ಅಳಿಯನ ಮುಂದೆ ನುಂಗಿಕೊಂಡರು.

ನುಂಗಿಕೊಳ್ಳದೆ ಮಾತಾಡಿದ್ದು ಅವರ ಹೆಂಡತಿ. ಅಂಗಡಿಯ ಮುಂಭಾಗದಲ್ಲಿ ಗುಂಡಿ, ಹುಕ್ಕು, ಜಿಪ್ಪುಗಳ ಡಬ್ಬಿಗಳ ನಡುವೆ ಕೂತು ಇಡೀ ಬೀದಿಯ ಯೋಗಕ್ಷೇಮ ವಿಚಾರಿಸಿಕೊಳ್ಳುವ ಈಕೆಗೆ ಬೀದಿಯವರು ಇಟ್ಟ ಹೆಸರು ಗುಂಡಿಯಕ್ಕ. (ಮೈಕಟ್ಟು ನೋಡಿ ಇಟ್ಟದ್ದಲ್ಲ. ಹಾಗೆ ಅಂದುಕೊಂಡವರಿಗೆ ಆಕೆ ಎಷ್ಟೋ ಸಲ ಗುಂಡಿಯ ಡಬ್ಬಿ ತೋರಿಸಿದ್ದುಂಟು.)

"ರೀ, ಸುಮ್ನೆ ಟ್ಯಾಕ್ಸಿಗೆ ಹೇಳಿಡೋಣ. ನೀವು ಸ್ಟೇರಿಂಗ್ ಹಿಡಿದು ಎಷ್ಟು ಕಾಲ ಆಯ್ತು?"

"ನನ್ನ ಮಗಳನ್ನ ಯಾರೋ ಕಂಡವರ ಗಾಡೀಲಿ ಕಳಿಸ್ಲಾ? ಅಳಿಯಂದಿರಿಗೆ ಮಾತು ಕೊಟ್ಟಿದೀನಿ ಕಣೆ."

ಇಷ್ಟೇ ಆಗಿದ್ದರೆ ಗುಂಡಿಯಕ್ಕ ಆ ಮಾತನ್ನು ಅಲ್ಲೇ ಕತ್ತರಿಸಿ ಎಸೆಯುತ್ತಿದ್ದಳು. ಆದರೆ ಒಳಗಿನ ಕೋಣೆಯಿಂದ ಮಗಳು, "ಅಪ್ಪ ಇದ್ರೆ ನಂಗೆ ಭಯ ಆಗಲ್ಲಮ್ಮ. ಅಪ್ಪಾನೇ ಓಡಿಸ್ಲಿ" ಅಂದುಬಿಟ್ಟಳು. ಮಾಸ್ತರ ಎದೆ ಎರಡು ಇಂಚು ಅಗಲವಾಯಿತು. ಮಗಳು ನಂಬಿದ್ದಾಳೆ. ಆ ನಂಬಿಕೆಗೆ ತಾನು ಯೋಗ್ಯನೋ ಅಲ್ಲವೋ ಅನ್ನುವುದು ಆ ಕಾರಿನ ಗೇರಿನ ಕೈಯಲ್ಲಿದೆ.

ಇನ್ನೊಂದು ಆಸೆಯೂ ಇತ್ತು. ಬೀರುವಿನ ಮೇಲಿನ ಅರೆಯಲ್ಲಿ, ಇರುವುದರಲ್ಲೇ ಮೆತ್ತನೆಯ ಬಟ್ಟೆ ಆರಿಸಿ, ಒಳಹೊಲಿಗೆ ಮೈಗೆ ತಾಗದಂತೆ ಹೊರಗೆ ತಿರುಗಿಸಿ ಹೊಲಿದ ಒಂದು ಪುಟ್ಟ ಅಂಗಿ ಇತ್ತು. ಮಗು ಹುಟ್ಟಿದ ಕೂಡಲೇ ಎಲ್ಲರಿಗಿಂತ ಮೊದಲು ಮುಖ ನೋಡಿ, ಆ ಅಂಗಿಯನ್ನು ತಾನೇ ಕೈಯಾರೆ ಕೊಡಬೇಕು. "ಮೊದಲು ನೋಡೋನು ನಾನೇ. ಈಗ್ಲೇ ಹೇಳಿರ್ತೀನಿ" ಅಂತ ಅವರು ಬೇಕರಿಯವರಿಗೂ ಇಸ್ತ್ರಿ ಅಂಗಡಿಯವನಿಗೂ ಸಾರಿಬಿಟ್ಟಿದ್ದರು.

ಸಾರಿದ್ದಾಯಿತು, ಇನ್ನು ಕಲಿಯುವುದೊಂದು ಬಾಕಿ. ಅಳಿಯ ಒಂದೇ ಒಂದು ಸಂಜೆ ಪಕ್ಕದಲ್ಲಿ ಕೂತು ಪಾಠ ಹೇಳಿದ್ದ. ಗೇರಿನ ಪಕ್ಕ ಐದು ಇಂಗ್ಲಿಷ್ ಅಕ್ಷರ: ಪೀ, ಆರ್, ಎನ್, ಡೀ, ಎಲ್. ಮಾಸ್ತರು ಅವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ನೆನಪಿಗಿರಲಿ ಅಂತ ಒಂದೊಂದಕ್ಕೂ ಕನ್ನಡದ ಅಂಗಿ ತೊಡಿಸಿದರು. ಪೀ ಅಂದರೆ ಪವಡಿಸು. ಗಾಡಿ ಪೂರ್ತಿ ನಿಂತ ಮೇಲೆ ಮಹಾರಾಜರ ಹಾಗೆ ಮಲಗಿಸುವುದು. ಆರ್‌ಗೆ ಹಿಂದಕ್ಕೆ ಹೋಗು ಅನ್ನುವ ಅರ್ಥದ ಪದ ಹುಡುಕಿ ಹುಡುಕಿ ಸಾಕಾಗಿ, ಹಿಂದಕ್ಕೆ ಹೋದರೆ ಆಗುವುದು ರಗಳೆಯೇ ತಾನೇ ಅಂತ ರಗಳೆ ಎಂದೇ ಬರೆದರು. ಎನ್‌ಗೆ ನಿಲ್ಲು: ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾದಾಗ. ಡೀಗೆ ದೌಡು: ಮಾಮೂಲು ರಸ್ತೆಗೆ. ಎಲ್‌ಗೆ ಲಗಾಮು: ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಕೂರದೆ ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುವುದಕ್ಕೆ.

"ಪವಡಿಸು, ರಗಳೆ, ನಿಲ್ಲು, ದೌಡು, ಲಗಾಮು" ಎಂದು ಮಾಸ್ತರು ಮಗ್ಗಿ ಒಪ್ಪಿಸಿದರು.

ಗುಂಡಿಯಕ್ಕ ಗುಂಡಿ ಎಣಿಸುತ್ತಿದ್ದವಳು ತಲೆ ಎತ್ತದೆ, "ನ ಅಂದ್ರೆ ನಡಿ ಅಂತಾನೂ ಆಗುತ್ತಲ್ಲ?" ಅಂದಳು.

"ನಿಲ್ಲು ಕಣೆ. ನಡಿ ಅಲ್ಲ, ನಿಲ್ಲು."

"ನಂಗೇನು. ನ ಅಂದ ತಕ್ಷಣ ನಂಗೆ ನಡಿ ಅನ್ನೋದೇ ಬಾಯಿಗೆ ಬಂತು. ದಿನಾ ನಿಮಗೆ ಎಷ್ಟು ಸಲ ಹೇಳ್ತೀನಿ. ಊಟಕ್ಕೆ ನಡೀರಿ, ಸ್ನಾನಕ್ಕೆ ನಡೀರಿ."

ಅಲ್ಲಿಗೆ ಮುಗಿಯಿತು. ಇದ್ದೂ ಇದ್ದೂ ಆ ಮಾತು ಯಾಕೆ ಆಡಿದಳೋ, ಅವತ್ತಿನಿಂದ ಮಾಸ್ತರು ಎನ್ ಅಂದರೆ ಸಾಕು, ಒಂದು ಕಿವಿಯಲ್ಲಿ ನಿಲ್ಲು, ಇನ್ನೊಂದು ಕಿವಿಯಲ್ಲಿ ನಡಿ. ಎರಡೂ ಒಂದೇ ತಲೆಯಲ್ಲಿ ಬಾಡಿಗೆಗಿದ್ದು ದಿನಬೆಳಗಾದರೆ ಜಗಳ ಆಡುತ್ತಿದ್ದವು.

ಅಭ್ಯಾಸ ಶುರುವಾಯಿತು. ಮೊದಲ ದಿನ ಡೀ ಹಾಕಿ ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ಮೆಲ್ಲಗೆ ತೆವಳಲು ತೊಡಗಿತು. ಹೇಳದೆ ಕೇಳದೆ ಹೊರಟ ಗಾಡಿಯನ್ನು ಕಂಡು ಮಾಸ್ತರು ಬೆಚ್ಚಿಬಿದ್ದರು. ರಜೆಯಲ್ಲಿದ್ದ ಎಡಗಾಲು ಹಳೆಯ ನೌಕರಿ ನೆನಪಾಗಿ ಧಡಕ್ಕನೆ ಕ್ಲಚ್ಚು ಒತ್ತಿತು. ಕ್ಲಚ್ಚು ಇದ್ದ ಜಾಗದಲ್ಲಿ ಈಗ ಬ್ರೇಕಿನ ಅಗಲ ಪೆಡಲ್ಲು. ಹಿಂದೆ ಕೂತಿದ್ದ ಗುಂಡಿಯಕ್ಕ ಮುಂದಿನ ಸೀಟಿಗೆ ಮುಖ ಕೊಟ್ಟಳು.

"ನಿಮ್ಮ ಕಾಲು ಮುರೀಲಿ" ಅಂದಳು ಮೂಗು ಉಜ್ಜಿಕೊಳ್ಳುತ್ತ. "ಬಲಗಾಲಲ್ಲ. ಎಡಗಾಲು."

ಎರಡನೆಯ ಸಲ ಕೆರೆಯ ಕಡೆಗಿನ ಇಳಿಜಾರಿನಲ್ಲಿ ಲಗಾಮು ಮರೆತು ದೌಡಿನಲ್ಲೇ ಬ್ರೇಕು ಒತ್ತಿಕೊಂಡು ಇಳಿದರು. ಕೆಳಗೆ ತಲುಪುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಂಥೆಟಿಕ್ ಸೀರೆ ಮರೆತಂಥ ವಾಸನೆ. ಮಾರನೆಯ ದಿನ ಜ್ಞಾಪಕವಿಟ್ಟು ಲಗಾಮು ಹಾಕಿದರು. ಗಾಡಿ ಗುರ್ ಎಂದು ನಿಧಾನಕ್ಕೆ ಇಳಿಯಿತು. ಆ ಗುರ್ ಕೇಳಿ, ಎಲ್ಲೋ ಏನೋ ಹರಿಯಿತೆಂದು ಮಾಸ್ತರೇ ಹೆದರಿ ಅರ್ಧ ದಾರಿಯಲ್ಲಿ ನಿಲ್ಲಿಸಿಬಿಟ್ಟರು. ಅಲ್ಲೇ ಪವಡಿಸು ಹಾಕಿದರು. ಕೈಬ್ರೇಕು ಎಳೆಯುವುದು ಮರೆತೇಹೋಯಿತು. ಪಾದ ತೆಗೆದ ಕೂಡಲೇ ಗಾಡಿ ಸಣ್ಣದಾಗಿ ಮುಂದಕ್ಕೆ ಜರುಗಿ, ಕಟ್ ಎಂದು ಏನೋ ಸಿಕ್ಕಿಕೊಂಡು ನಿಂತಿತು. ಜರುಗಿದ್ದು ಅರ್ಧ ಗೇಣೂ ಇರಲಿಕ್ಕಿಲ್ಲ. ಆದರೂ ಮಾಸ್ತರಿಗೆ ಪೀ ಮೇಲಿನ ನಂಬಿಕೆ ಅವತ್ತೇ ಹೊರಟುಹೋಯಿತು. ಮಲಗಿದ ಮೇಲೂ ಮಗ್ಗುಲು ಬದಲಾಯಿಸುವ ಗಾಡಿಯನ್ನು ಯಾವ ಧೈರ್ಯದ ಮೇಲೆ ಬಿಟ್ಟು ಇಳಿಯುವುದು?

ರಾತ್ರಿ ನಿದ್ದೆ ಹೋಯಿತು, ಹಗಲು ಕೆಲಸ ಕೆಟ್ಟಿತು. ಹೊಲಿಗೆ ಯಂತ್ರದ ಮುಂದೆ ಕೂತು ಎಡಗಾಲನ್ನು ಎತ್ತಿಹಿಡಿದು ಬಲಗಾಲೊಂದರಲ್ಲೇ ತುಳಿಯುವ ಅಭ್ಯಾಸ ಮಾಡಿದರು. ಅದರ ಫಲವಾಗಿ ಅಂಚೆ ಕಚೇರಿಯ ಮೇಡಂ ಅವರ ರವಿಕೆಗೆ ಎರಡೂ ತೋಳು ಒಂದೇ ಕಡೆ ಬಂದವು. ಆಕೆ ಅದನ್ನು ಎತ್ತಿ ಹಿಡಿದು, "ಮಾಸ್ತರೇ, ಇದು ಯಾರಿಗೆ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಇನ್ನೂ ಹೊತ್ತು ಮೀರಿಲ್ಲ. ಟ್ಯಾಕ್ಸಿ" ಅಂದಳು ಗುಂಡಿಯಕ್ಕ.

"ಮಾತಾಡ್ಬೇಡ."

ಹೊತ್ತು ಬಂದದ್ದು ಒಂದು ಮಧ್ಯಾಹ್ನ. ಮಾಸ್ತರು ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಒಂದು ಪ್ಯಾಂಟಿನ ಕಾಲು ಕತ್ತರಿಸುತ್ತಿದ್ದರು. ಒಳಗಿನಿಂದ ಮಗಳು "ಅಮ್ಮಾ" ಅಂದಳು. ಆ ಅಮ್ಮಾದಲ್ಲಿ ಏನಿತ್ತೋ, ಕತ್ತರಿ ಗೆರೆ ಬಿಟ್ಟು ಮೊಣಕಾಲಿನ ಕಡೆಗೆ ಹೋಯಿತು.

ಗುಂಡಿಯಕ್ಕ ಮಗಳನ್ನು ಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಬಟ್ಟೆಯ ಚೀಲ ಬಂತು. ಪುಟ್ಟ ಅಂಗಿ ಮಾಸ್ತರ ಜೇಬು ಸೇರಿತು. ಅವರು ಸ್ಟೇರಿಂಗ್ ಹಿಡಿದು ಕೂತರು. ಬ್ರೇಕು ಒತ್ತಿದರು, ಸರಿ. ಎಂಜಿನ್ ಶುರುವಾಯಿತು, ಅದೂ ಸರಿ. ಕೈಬ್ರೇಕು ಇಳಿಸಿದರು. ಹಿಂದೆ ಮಗಳು ಹಲ್ಲು ಕಚ್ಚಿಕೊಂಡು ನರಳಿದಳು. ಆ ಸದ್ದಿಗೆ ಮಾಸ್ತರ ತಲೆಯೊಳಗಿನ ಸೀಮೆಸುಣ್ಣದ ಅಕ್ಷರಗಳೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಅಳಿಸಿಹೋದವು.

"ನಡೀರಿ" ಅಂದಳು ಗುಂಡಿಯಕ್ಕ. "ನಡೀರಿ, ನಡೀರಿ, ನಡೀರಿ."

ನಡಿ. ನ. ಎನ್. ಕತ್ತಲಲ್ಲಿ ಗೋಡೆ ತಡವುತ್ತಿದ್ದವನ ಕೈಗೆ ಸ್ವಿಚ್ಚು ಸಿಕ್ಕಂತಾಯಿತು. ಮಾಸ್ತರು ಗೇರನ್ನು ಎಳೆದು ಎನ್‌ಗೆ ತಂದರು, ಮುಂದಿನ ಫಲಕದಲ್ಲಿ ಎನ್ ಅಂತಲೇ ಹೊಳೆಯುತ್ತಿದೆಯೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡರು, ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಬೀದಿ ಕಿತ್ತುಹೋಗುವ ಹಾಗೆ ಅರಚಿತು. ಗಾಡಿ ಇದ್ದಲ್ಲೇ ಇತ್ತು.

ಇನ್ನಷ್ಟು ಒತ್ತಿದರು. ಇನ್ನಷ್ಟು ಅರಚಿತು.

"ಏನಾಯ್ತು?"

"ಕೆಟ್ಟೋಯ್ತು" ಅಂದರು ಮಾಸ್ತರು. "ಗೇರು ಕೆಟ್ಟೋಯ್ತು ಕಣೆ. ಸರಿಯಾಗೇ ಹಾಕಿದೀನಿ, ಹೋಗ್ತಿಲ್ಲ."

ಸದ್ದಿಗೆ ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿಬಂದರು. ಇಸ್ತ್ರಿಯವನು ಬಂದ. ಅವರ ಹಿಂದೆ ಅಂಗಡಿಗಳಲ್ಲಿ ಕಾಯುತ್ತಿದ್ದ ಗಿರಾಕಿಗಳೂ ಬಂದರು. ಟ್ಯಾಕ್ಸಿಗೆ ಫೋನು ಮಾಡಿದರೆ, ಬರಲು ಹೊತ್ತಾಗುತ್ತದೆ ಎಂದರು. ಆಸ್ಪತ್ರೆ ನೋಡಿದರೆ ಇದೇ ಬೀದಿಯ ಆ ತುದಿಯಲ್ಲಿದೆ. ಸಪಾಟು ರಸ್ತೆ, ಕೊನೆಗೆ ಗೇಟಿನಿಂದ ಬಾಗಿಲವರೆಗೆ ಮಾತ್ರ ಒಂದು ಸಣ್ಣ ಏರು.

"ಮಾಸ್ತರೇ, ನೀವು ಸ್ಟೇರಿಂಗ್ ಹಿಡ್ಕೊಳ್ಳಿ, ಬ್ರೇಕ್ ನೋಡ್ಕೊಳ್ಳಿ" ಅಂದರು ಬೇಕರಿಯವರು. "ಗೇರು ಮಾತ್ರ ಮುಟ್ಬೇಡಿ. ಕೆಟ್ಟಿರೋದನ್ನ ಇನ್ನೂ ಕೆಡಿಸೋದು ಬೇಡ. ನಾವು ತಳ್ತೀವಿ."

ತಳ್ಳಿದರು. ಕೆಟ್ಟ ಗಾಡಿ ಇಷ್ಟು ಹಗುರವಾಗಿ ಉರುಳಬಾರದು, ಆದರೆ ಬೆಣ್ಣೆಯ ಹಾಗೆ ಉರುಳಿತು. (ಯಾಕೆ ಉರುಳಿತು ಅಂತ ಅವತ್ತು ಯಾರಿಗೂ ಅನುಮಾನ ಬರಲಿಲ್ಲ. ತಳ್ಳುವವರು ತಮ್ಮ ತೋಳಿನ ಬಲವನ್ನು ಮೆಚ್ಚಿಕೊಳ್ಳುತ್ತಿದ್ದರು.) ಪಾಪ, ಅವರಿಗೆ ಸ್ವಲ್ಪ ಸಹಾಯವಾಗಲಿ ಅಂತ ಮಾಸ್ತರು ನಡುನಡುವೆ ಆಕ್ಸಿಲರೇಟರ್ ಒತ್ತಿಕೊಡುತ್ತಿದ್ದರು. ಅದರಿಂದ ತಳ್ಳುವವರ ಮುಖಕ್ಕೆ ಹೊಗೆ ಬಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹಿಂದೆ ಮಗಳು ಕಣ್ಣು ಬಿಗಿಯಾಗಿ ಮುಚ್ಚಿ ಅಮ್ಮನ ತೊಡೆಯ ಮೇಲೆ ತಲೆ ಇಟ್ಟಿದ್ದಳು; ನೋವಿನಲ್ಲಿ ಅವಳಿಗೆ ಹೊರಗಿನದು ಯಾವುದೂ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯ ಏರಿನಲ್ಲಿ ಅಲ್ಲಿನ ಕಾವಲುಗಾರನೂ ಕೈ ಹಾಕಿದ. ಗಾಡಿ ಬಾಗಿಲ ಹತ್ತಿರ ತಲುಪಿತು. ಮಾಸ್ತರು ಬ್ರೇಕು ಒತ್ತಿದರು; ಬಲಗಾಲು ಸಾಲದೆಂದು ಎಡಗಾಲನ್ನೂ ರಜೆಯಿಂದ ಕರೆಸಿ ಅದರ ಮೇಲಿಟ್ಟರು. ನರ್ಸು ಗಾಲಿಕುರ್ಚಿ ತಂದಳು. ಮಗಳು ಒಳಗೆ ಹೋದಳು, ಗುಂಡಿಯಕ್ಕ ಹೋದಳು, ಅವರ ಹಿಂದೆ ಚೀಲ ಹಿಡಿದುಕೊಂಡು ಇಸ್ತ್ರಿಯವನು, ಬೆವರು ಒರೆಸಿಕೊಳ್ಳುತ್ತ ಬೇಕರಿಯವರು, ಎಲ್ಲರೂ ಹೋದರು.

ಮಾಸ್ತರು ಹೋಗಲಿಲ್ಲ. ಕಾಲು ತೆಗೆದರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಹಿಂದೆ, ಏರಿನ ಬುಡಕ್ಕೆ, ಗೇಟಿನ ಆಚೆ ನೇರಕ್ಕೆ ಔಷಧಿ ಅಂಗಡಿಯ ಗಾಜಿನ ಬಾಗಿಲು. ಅದರ ಮುಂದೆ ಜನ. ಕೈಬ್ರೇಕು ಎಳೆದದ್ದೇನೋ ಆಯಿತು, ಆದರೆ ಗೇರೇ ಕೈಕೊಟ್ಟ ಗಾಡಿಯ ಕೈಬ್ರೇಕನ್ನು ನಂಬುವುದು ಹೇಗೆ? ಪವಡಿಸು ಹಾಕೋಣವೆಂದರೆ ಅದರ ಮಗ್ಗುಲು ಬದಲಾಯಿಸುವ ಗುಣ ಮೊದಲೇ ಗೊತ್ತು. ಅವರು ಎರಡೂ ಕಾಲನ್ನು ಬ್ರೇಕಿನ ಮೇಲೆ ಊರಿ, ಕಣ್ಣನ್ನು ಆಸ್ಪತ್ರೆಯ ಬಾಗಿಲಿಗೆ ನೆಟ್ಟು ಕೂತರು.

ಸ್ವಲ್ಪ ಹೊತ್ತಿಗೆ ಕಾವಲುಗಾರ ಬಂದ. "ಯಜಮಾನರೇ, ಗಾಡಿ ಪಕ್ಕಕ್ಕೆ ಹಾಕಿ."

"ಆಗಲ್ಲಪ್ಪ. ಕಾಲು ತೆಗೆದ್ರೆ ಹೋಗ್ಬಿಡುತ್ತೆ."

ಆತ ಒಂದು ಇಟ್ಟಿಗೆ ತಂದು ಚಕ್ರದ ಹಿಂದೆ ಇಟ್ಟ. ಮಾಸ್ತರು ಕಿಟಕಿಯಿಂದ ತಲೆ ಹೊರಹಾಕಿ ಇಟ್ಟಿಗೆಯ ಅಗಲವನ್ನೂ ಚಕ್ರದ ಸುತ್ತಳತೆಯನ್ನೂ ಕಣ್ಣಲ್ಲೇ ಅಳೆದು, "ಸಾಲದು" ಅಂದರು.

"ನಂಗೆ ಸೈಕಲ್ ಬಿಟ್ರೆ ಬೇರೆ ಗೊತ್ತಿಲ್ಲ" ಎಂದು ಅವನು ಹೊರಟುಹೋದ.

ಬಿಸಿಲು ಇಳಿಯಿತು. ಬಲಗಾಲು ಜೋಮು ಹಿಡಿಯಿತು, ಎಡಗಾಲಿಗೆ ಸೆಳೆತ ಬಂತು. ಒಳಗೆ ಮಗಳು ಹೇಗಿದ್ದಾಳೋ. ಅಪ್ಪ ಇದ್ದರೆ ಭಯವಿಲ್ಲ ಅಂದಿದ್ದಳಲ್ಲ, ಅಪ್ಪ ಬಾಗಿಲ ಹೊರಗೆ ಪೆಡಲ್ಲು ತುಳಿದುಕೊಂಡು ಕೂತಿದ್ದಾನೆ. ಯಾರಾದರೂ ಬಂದು ಒಂದು ಮಾತು ಹೇಳಬಾರದೇ? ಜೇಬಿನ ಅಂಗಿಯನ್ನು ಮುಟ್ಟಿ ನೋಡಿಕೊಂಡರು. ತಾನು ಅಳಿಯನಿಗೆ ಕೊಟ್ಟ ಮಾತೇನು, ಈಗ ಆಗಿರುವುದೇನು ಅಂತ ನಾಚಿಕೆಯೂ ಆಯಿತು.

ಕೊನೆಗೆ ಬಾಗಿಲಲ್ಲಿ ಬೇಕರಿಯವರು ಕಾಣಿಸಿಕೊಂಡು, "ಮಾಸ್ತರೇ, ಮೊಮ್ಮಗಳು. ಏನು ಕೂದಲು ಅಂತೀರಾ" ಅಂದರು. ಅವರ ಹಿಂದಿನಿಂದ ಇಸ್ತ್ರಿಯವನು, "ಮೂಗು ಮಾಸ್ತರದೇ" ಎಂದ. ಸೈಕಲ್ಲು ಬಿಟ್ಟರೆ ಬೇರೆ ಗೊತ್ತಿಲ್ಲದ ಕಾವಲುಗಾರನೂ ಒಳಗೆ ಇಣುಕಿ ಬಂದು, "ಒಳ್ಳೆ ಕೆಂಪಗಿದೆ" ಎಂದು ತನ್ನ ಅಭಿಪ್ರಾಯ ಸೇರಿಸಿದ. ಮಾಸ್ತರ ಕಣ್ಣಿಂದ ನೀರು ಇಳಿಯಿತು. ಖುಷಿಗೂ ಹೌದು, ಹೊಟ್ಟೆಕಿಚ್ಚಿಗೂ ಹೌದು. ಒರೆಸಿಕೊಳ್ಳಲು ಧೈರ್ಯ ಸಾಲದೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದೇ ಇದ್ದರು.

ಆಮೇಲೆ ಗುಂಡಿಯಕ್ಕ ಬಂದಳು. "ಇಬ್ರೂ ಚೆನ್ನಾಗಿದಾರೆ. ಇದೇನ್ರೀ, ಇನ್ನೂ ಇಲ್ಲೇ ಕೂತಿದೀರ? ಮಗಳು ಕೇಳ್ತಿದಾಳೆ. ನಡೀರಿ."

"ಅದನ್ನ ಮಾತ್ರ ಹೇಳ್ಬೇಡ. ನಡಿ ಅಂತ ಹಾಕಿದ್ದಕ್ಕೇ ಹೀಗಾಯ್ತು."

"ಎಲ್ಲಿ ಹಾಕಿದ್ರಿ?"

ಮಾಸ್ತರು ಗದ್ದದಿಂದ ಫಲಕದ ಕಡೆ ತೋರಿಸಿದರು. "ನೋಡು, ಸರಿಯಾಗೇ ಇದೆ. ಎನ್. ನಡಿ."

ಗುಂಡಿಯಕ್ಕ ಕಿಟಕಿಯೊಳಗೆ ಬಗ್ಗಿ ಎನ್ ಅನ್ನು ನೋಡಿದಳು. ಗೇರಿನ ಪಕ್ಕದ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. ಗಂಡನ ಮುಖ ನೋಡಿದಳು.

"ರೀ, ಮೇಜಿನ ಮೇಲೆ ನೀವೇ ಬರ್ದಿದ್ರಲ್ಲ, ಎನ್ ಅಂದ್ರೆ ನಿಲ್ಲು ಅಂತ?"

"ಬರ್ದಿದ್ದೆ. ಆದ್ರೆ ನೀನು ನಡೀರಿ ಅಂದೆ."

"ನಡಿ ಅಂದ್ರೆ ನ ಒಂದೇನಾ? ನ ಆದ್ಮೇಲೆ ಡಿ ಇಲ್ವಾ?"

ಮಾಸ್ತರು ತುಟಿಯಲ್ಲೇ ಹೇಳಿಕೊಂಡು ನೋಡಿದರು. ನ. ಡಿ. ಎನ್. ಡೀ. ಒಂದು ಮೆಟ್ಟಿಲು. ಒಂದೇ ಒಂದು ಮೆಟ್ಟಿಲು ಮುಂದಕ್ಕೆ ಎಳೆದಿದ್ದರೆ ಗಾಡಿ ತಾನೇ ತೆವಳಿಕೊಂಡಾದರೂ ಆಸ್ಪತ್ರೆ ಸೇರುತ್ತಿತ್ತು. ಅರ್ಧ ಪದ ಹಾಕಿಕೊಂಡು ಅವರು ಇಡೀ ಬೀದಿಯ ಕೈಯಲ್ಲಿ ಗಾಡಿ ತಳ್ಳಿಸಿದ್ದರು.

"ಯಾರಿಗೂ ಹೇಳ್ಬೇಡ ಕಣೆ" ಅಂದರು ಬಹಳ ಸಣ್ಣ ಧ್ವನಿಯಲ್ಲಿ.

"ಈಗ ಪೀ ಹಾಕಿ. ಕೈಬ್ರೇಕ್ ಎಳ್ದಿದೆಯಲ್ಲ? ಹಾಕಿ. ಆಯ್ತಾ? ಪ ಅಂದ್ರೆ ಪಾದ ತೆಗೀರಿ."

ಮಾಸ್ತರು ಮೊದಲು ಎಡಪಾದ ತೆಗೆದರು. ಆಮೇಲೆ ಬಲಪಾದವನ್ನು ಒಂದೊಂದು ನೂಲಿನಷ್ಟೇ ಎತ್ತಿದರು. ಗಾಡಿ ಮಿಸುಕಲಿಲ್ಲ. ಎಂಜಿನ್ ನಿಲ್ಲಿಸಿ ಕೆಳಗಿಳಿದರೆ ಎರಡೂ ಕಾಲು ಅವರ ಮಾತು ಕೇಳದೆ ನಡುಗುತ್ತಿದ್ದವು. ಹೆಂಡತಿಯ ಭುಜ ಹಿಡಿದುಕೊಂಡು ಒಳಗೆ ಹೋದರು.

ಮಗು ಬಿಳಿ ಬಟ್ಟೆಯೊಳಗೆ ಕಣ್ಣು ಮುಚ್ಚಿ ಮಲಗಿತ್ತು. ಮೂಗು ಮಾಸ್ತರದೇ, ಇಸ್ತ್ರಿಯವನು ಹೇಳಿದ್ದು ಸುಳ್ಳಲ್ಲ. ಅವರು ಜೇಬಿನಿಂದ ಅಂಗಿ ತೆಗೆದರು. ಜನ್ಮವಿಡೀ ಊರಿನವರ ಅಳತೆ ತೆಗೆದ ಮಾಸ್ತರು ಹೊಲಿದ ಆ ಅಂಗಿಯಲ್ಲಿ ಇನ್ನೂ ಒಂದು ಮಗುವಿಗೆ ಜಾಗವಿತ್ತು. ಮಗುವನ್ನು ಅಂಗಿಯ ಸಮೇತ ಎತ್ತಿ ಎದೆಗೊರಗಿಸಿಕೊಂಡರು.

"ಅಪ್ಪ" ಅಂದಳು ಮಗಳು ಹಾಸಿಗೆಯಿಂದ. ದಣಿದ ಮುಖದಲ್ಲಿ ನಗು. "ಎಷ್ಟು ಚೆನ್ನಾಗಿ ಓಡಿಸ್ದೆ ನೀನು. ಸದ್ದು ಸ್ವಲ್ಪ ಜಾಸ್ತಿ ಮಾಡ್ತು, ಆದ್ರೆ ಒಂದು ಸಲಾನೂ ಕುಲುಕ್ಲಿಲ್ಲ. ನಮ್ಮವರು ಓಡಿಸಿದ್ರೂ ಇಷ್ಟು ಮೆತ್ತಗೆ ಹೋಗಲ್ಲ. ಅವರಿಗೆ ಫೋನ್‌ನಲ್ಲೂ ಹೇಳ್ದೆ."

ಮಾಸ್ತರು ಹೆಂಡತಿಯ ಕಡೆ ಒಮ್ಮೆ ನೋಡಿ, ಮಗುವಿನ ಅಂಗಿಯ ಇಲ್ಲದ ಸುಕ್ಕನ್ನು ತೀಡತೊಡಗಿದರು.

"ಮನೆಗೆ ಹೋಗೋವಾಗ್ಲೂ ನೀನೇ ಓಡಿಸ್ಬೇಕಪ್ಪ" ಅಂದಳು ಮಗಳು ಕಣ್ಣು ಮುಚ್ಚುತ್ತ. "ಮಗು ಇರುತ್ತೆ. ಇವತ್ತಿನ ಹಾಗೇ ಓಡಿಸು."

"ಹಾಗೇ ಬೇಕಂತೆ" ಅಂದಳು ಗುಂಡಿಯಕ್ಕ ಚೀಲದೊಳಗೆ ಏನೋ ಹುಡುಕುತ್ತ, ತಲೆ ಎತ್ತದೆ. "ಎಲ್ರಿಗೂ ಈಗ್ಲೇ ಹೇಳಿಟ್ಟಿರ್ಲಾ?"

ಮಾಸ್ತರು ಮಗುವನ್ನು ಮೆಲ್ಲಗೆ ಆಕೆಯ ಕೈಗೆ ಕೊಟ್ಟು, ಬೇಕರಿಯವರು ಹೊರಟುಹೋದರೇನೋ ಅಂತ ನೋಡಲು ಕಿಟಕಿಯ ಹತ್ತಿರ ಹೋದರು.